ಬೂಮ್ ಹಿಡಿಯಲು ಜನ ಇಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸೋದು ಹೇಗೆ?

ಪ್ರಶ್ನೆ: ನಾವು ಇಬ್ಬರೇ ಸೇರಿ ಸಂದರ್ಶನಗಳನ್ನು ಶೂಟ್ ಮಾಡುತ್ತೇವೆ. ಒಬ್ಬರು ಕ್ಯಾಮೆರಾ ನೋಡಿಕೊಂಡರೆ ಇನ್ನೊಬ್ಬರು ಪ್ರಶ್ನೆ ಕೇಳುತ್ತಾರೆ. ಒಂದೊಂದು ಟೇಕ್ ಅರ್ಧ ಗಂಟೆಗಿಂತ ಜಾಸ್ತಿ ಓಡುತ್ತದೆ, ಬೂಮ್ (ತುದಿಗೆ ಮೈಕ್ ಸಿಕ್ಕಿಸಿ ಮಾತಾಡುವವರ ಮೇಲೆ ಚಾಚುವ ಉದ್ದ ರಾಡ್) ಹಿಡಿಯಲು ಯಾರೂ ಇಲ್ಲ. ನಮ್ಮಲ್ಲಿ 3 ಮೀಟರಿನ ಅಲ್ಯೂಮಿನಿಯಂ ಬೂಮ್ ರಾಡ್, ಮೂತಿ ತಿರುಗಿಸಿದ ಕಡೆಯ ದನಿಯನ್ನೇ ಹೆಚ್ಚಾಗಿ ಹಿಡಿಯುವ ಒಂದು ಚಿಕ್ಕ ಶಾಟ್‌ಗನ್ ಮೈಕ್, ಎರಡು ಮೂರು ಲೈಟ್ ಸ್ಟ್ಯಾಂಡ್ ಇವೆ. ರಾಡನ್ನು ಸ್ಟ್ಯಾಂಡಿಗೆ ಗಾಫರ್ ಟೇಪಿನಿಂದ (ಶೂಟಿಂಗಿನ ಬಟ್ಟೆ ಟೇಪ್) ಸುತ್ತಿ ನೋಡಿದೆವು. ಸ್ವಲ್ಪ ಹೊತ್ತಿಗೇ ಮೈಕ್ ಮೆಲ್ಲಗೆ ಇಳಿದು ಫ್ರೇಮಿಗೆ ಬರುತ್ತದೆ. ಯಾರಾದರೂ ಪಕ್ಕದಲ್ಲಿ ನಡೆದರೆ ಧಡ್ ಧಡ್ ಎಂಬ ಸದ್ದು ಬೇರೆ. ಬೂಮ್ ಹೋಲ್ಡರ್ ಕೊಳ್ಳದೆ, ಕೈಗೆ ಸಿಗುವ ಸಾಮಾನಿನಲ್ಲೇ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಟೇಪನ್ನು ಇನ್ನೂ ನಾಲ್ಕು ಸುತ್ತು ಸುತ್ತಿದರೆ ಸರಿಹೋಗುವ ಕೆಲಸ ಅಲ್ಲ ಇದು.

ನೀವು ಬೂಮನ್ನು ಒಂದೇ ಕಡೆ ಬಿಗಿಯಾಗಿ ಹಿಡಿಯಲು ನೋಡುತ್ತಿದ್ದೀರಿ. ಬೂಮಿಗೆ ಬೇಕಾದದ್ದು ಬಿಗಿಯಲ್ಲ, ಎರಡು ಜಾಗ. ಒಂದು, ಅದು ಸುಮ್ನೆ ಕೂರುವ ಜಾಗ. ಇನ್ನೊಂದು, ಅದರ ಬಾಲ, ಅಂದರೆ ಹಿಂದಿನ ತುದಿ, ಮೇಲೇಳದಂತೆ ತಡೆಯುವ ಜಾಗ. ಕೈಯಲ್ಲಿ ಹಿಡಿದಾಗಲೂ ಹೀಗೇ ಅಲ್ವಾ? ಮುಂದಿನ ಕೈ ರಾಡನ್ನು ಹೊರುತ್ತದೆ, ಹಿಂದಿನ ಕೈ ಅದುಮುತ್ತದೆ. ಅಂಗಡಿಯಲ್ಲಿ ಸಿಗುವ ಬೂಮ್ ಹೋಲ್ಡರನ್ನು ಗಮನಿಸಿ ನೋಡಿ. ಮುಂದೆ ಒಂದು ಕವೆ, ಹಿಂದೆ ತಲೆಕೆಳಗಾದ ಒಂದು ಕೊಕ್ಕೆ, ಅಷ್ಟೇ. ರಾಡನ್ನು ಅದು ಎಲ್ಲೂ ಹಿಂಡುವುದಿಲ್ಲ.

ಮೊದಲು ಭಾರದ ಲೆಕ್ಕ ನೋಡೋಣ. ಇದು ಗೊತ್ತಾದರೆ ಮಿಕ್ಕಿದ್ದನ್ನು ನೀವೇ ಊಹಿಸಬಹುದು. ಮೈಕ್, ಶಾಕ್ ಮೌಂಟ್ (ಮೈಕನ್ನು ರಬ್ಬರಿನಲ್ಲಿ ತೂಗಿಸಿ ಅದುರು ತಡೆಯುವ ಹಿಡಿಕೆ), ಸ್ಪಂಜಿನ ಟೊಪ್ಪಿ ಎಲ್ಲ ಸೇರಿ 350 ಗ್ರಾಂ ಎಂದುಕೊಳ್ಳಿ. ರಾಡಿನದು 700 ಗ್ರಾಂ. ಕವೆಯಿಂದ ಮೈಕಿಗೆ 2.2 ಮೀಟರ್, ಕವೆಯ ಹಿಂದೆ ಬಾಲ 80 ಸೆಂಟಿಮೀಟರ್. ದಪ್ಪ ಕೊಳವೆಗಳು ಹಿಂದೆ ಇರುವುದರಿಂದ ರಾಡಿನ ತೂಕದ ನಡು ಕವೆಯಿಂದ ಸುಮಾರು ಅರ್ಧ ಮೀಟರ್ ಮುಂದೆ ಬರುತ್ತದೆ. ಹೀಗಿರುವಾಗ ಬಾಲ ಹತ್ತಿರ ಹತ್ತಿರ 1.4 ಕೆಜಿ ಬಲದಲ್ಲಿ ಮೇಲಕ್ಕೆ ಏಳಲು ನೋಡುತ್ತದೆ. ಅದನ್ನು ಕೆಳಕ್ಕೆ ಎಳೆದು ಹಿಡಿದರೆ ಕವೆಯ ಮೇಲೆ ಎಲ್ಲ ಸೇರಿ ಎರಡೂವರೆ ಕೆಜಿ ಬೀಳುತ್ತದೆ. ಮೈಕ್ ತೂಗುವುದು 350 ಗ್ರಾಂ, ಸ್ಟ್ಯಾಂಡ್ ಹೊರುವುದು ಅದರ ಏಳು ಪಟ್ಟು!

ಈಗ ಇನ್ನೂ ದೂರ ಚಾಚುವ ಆಸೆಗೆ ಬಾಲವನ್ನು 40 ಸೆಂಟಿಮೀಟರಿಗೆ ಇಳಿಸಿದಿರಿ ಅಂತಿಟ್ಟುಕೊಳ್ಳಿ. ಬಾಲದ ಎಳೆತ 3.8 ಕೆಜಿ ದಾಟುತ್ತದೆ. ಚಾಚಿದ್ದು 40 ಸೆಂಟಿಮೀಟರ್ ಮಾತ್ರ, ಎಳೆತ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಯಿತು. ಹಾಗಾಗಿ ಸ್ಟ್ಯಾಂಡನ್ನು ಫ್ರೇಮಿಗೆ ಎಷ್ಟು ಹತ್ತಿರ ತರಲು ಆಗುತ್ತದೋ ಅಷ್ಟು ತನ್ನಿ, ಬಾಲವನ್ನು ಉದ್ದ ಬಿಡಿ. ರಾಡನ್ನು ಪೂರ್ತಿ ಎಳೆಯಲೇಬೇಕು ಅಂತೇನಿಲ್ಲ. ಎರಡು ಮೀಟರಿನಲ್ಲಿ ಕೆಲಸ ಆಗುವುದಾದರೆ ಎರಡೇ ಸಾಕು.

ನಿಮ್ಮ ಟೇಪ್ ಯಾಕೆ ಸೋತಿತು ಎಂಬುದೂ ಇಲ್ಲೇ ಇದೆ. ಒಂದೇ ಕಡೆ ಸುತ್ತಿದಾಗ ರಾಡನ್ನು ತಿರುಗಿಸುವ ಅಷ್ಟೂ ಬಲ ಅಂಗೈ ಅಗಲದ ಟೇಪಿನ ಮೇಲೆ ಬೀಳುತ್ತದೆ. ಅಂಟು ಒಂದೇ ಸಮನೆ ಎಳೆತದಲ್ಲಿದ್ದರೆ ಕಿತ್ತು ಬರುವುದಿಲ್ಲ, ಮೆಲ್ಲಗೆ ಜಾರುತ್ತದೆ. ಲೈಟಿನ ಬಿಸಿ ತಾಗಿದರೆ ಇನ್ನೂ ಬೇಗ. ಅದಕ್ಕೇ ಟೇಕ್ ಶುರುವಾದಾಗ ಎಲ್ಲ ಸರಿ ಇದ್ದು, ಒಳ್ಳೆಯ ಮಾತು ಬರುವ ಹೊತ್ತಿಗೆ ಮೈಕ್ ಹಣೆಯ ಮುಂದೆ ಬಂದು ನಿಂತಿರುತ್ತದೆ.

ಇನ್ನು ಕವೆ ಮಾಡುವುದು. ಕೈಯಲ್ಲೇ ಮಾಡಿಕೊಳ್ಳುವುದರಲ್ಲಿ ನನಗೆ ಹೆಚ್ಚು ಇಷ್ಟ ಪ್ಲಾಸ್ಟಿಕ್ ಪೈಪಿನ ಟಿ ಜಾಯಿಂಟ್. ರಾಡಿನ ದಪ್ಪ ಭಾಗ ಸಲೀಸಾಗಿ ಕೂರುವಷ್ಟು ದೊಡ್ಡದನ್ನು ಆರಿಸಿ. ಅದರ ಅಡ್ಡ ಕೊಳವೆಯ ಮೇಲಿನ ಅರ್ಧವನ್ನು ಗರಗಸದಲ್ಲಿ ಉದ್ದಕ್ಕೆ ಕೊಯ್ದು ತೆಗೆಯಿರಿ. ಉಳಿದದ್ದು ಒಂದು ದೋಣಿ. ಕೊಯ್ದ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಒಳಗೆ ತೆಳು ಸ್ಪಂಜು ಅಥವಾ ಫೆಲ್ಟ್ ಅಂಟಿಸಿ. ಟಿಯ ಕಾಲನ್ನು ಲೈಟ್ ಸ್ಟ್ಯಾಂಡಿನ ತುದಿಯ ಮೊಳೆಯ ಮೇಲೆ ಇಳಿಸಬೇಕು. ಆ ಮೊಳೆ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್ ದಪ್ಪ. ಪೈಪ್ ಸಡಿಲವಾಗಿರುತ್ತದೆ, ಆದ್ದರಿಂದ ಮೊಳೆಗೆ ಬಟ್ಟೆಯ ಟೇಪನ್ನು ಸುತ್ತುತ್ತಾ ಹೋಗಿ, ಒತ್ತಿ ತಿರುಗಿಸಿದರೆ ಮಾತ್ರ ಕೂರುವಷ್ಟು ದಪ್ಪ ಮಾಡಿ. ಇಲ್ಲಿ ಟೇಪ್ ಬಳಸಿದರೆ ತೊಂದರೆ ಇಲ್ಲ, ಅದು ಸಂದು ತುಂಬುತ್ತದೆ, ಭಾರ ಹೊರುವುದಿಲ್ಲ.

ಒಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ಲೈಟ್ ಸ್ಟ್ಯಾಂಡಿನ 5/8 ಇಂಚು ಎಂದರೆ ನುಣುಪಾದ ಮೊಳೆ. ಮೈಕ್ ಸ್ಟ್ಯಾಂಡಿನ 5/8 ಇಂಚು ಎಂದರೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇರುವ ತುದಿ. ಎರಡಕ್ಕೂ ಸಂಬಂಧವಿಲ್ಲ. ಬೂಮ್ ರಾಡಿನ ತುದಿಯಲ್ಲಿ ಸಾಮಾನ್ಯವಾಗಿ 3/8 ಇಂಚಿನ ಮರೆ ಇರುತ್ತದೆ, ಕ್ಯಾಮೆರಾದ ಕೆಳಗೆ 1/4. ಅಡಾಪ್ಟರ್ ತರಿಸುವಾಗ ಬರೀ ಅಳತೆ ಹೇಳಬೇಡಿ, ಮರೆಯೋ ಮೊಳೆಯೋ ಎಂದೂ ಹೇಳಿ.

ಪೈಪ್ ಕೊಯ್ಯುವಷ್ಟು ಪುರುಸೊತ್ತು ಇಲ್ಲದಿದ್ದರೆ ಸೈಕಲ್ ನೇತುಹಾಕುವ ರಬ್ಬರ್ ಹೊದಿಕೆಯ ಕೊಕ್ಕೆ ಸಿಗುತ್ತದಲ್ಲ, ಅದನ್ನು ಬಾಯಿ ಮೇಲೆ ಮಾಡಿ ಸ್ಟ್ಯಾಂಡಿಗೆ ಕ್ಲಾಂಪ್ ಮಾಡಿದರೂ ನಡೆಯುತ್ತದೆ. ಏಣಿ ಬಿಚ್ಚಿ ನಿಲ್ಲಿಸಿ, ಮೇಲಿನ ಮೆಟ್ಟಿಲಿಗೆ ಟವೆಲ್ ಮಡಿಸಿ ಹಾಸಿ ರಾಡನ್ನು ಅದರ ಮೇಲೆ ಇಟ್ಟರೂ ಆಗುತ್ತದೆ. ನಿಜ ಹೇಳಬೇಕೆಂದರೆ ಏಣಿ ತೆಳು ಲೈಟ್ ಸ್ಟ್ಯಾಂಡಿಗಿಂತ ಎಷ್ಟೋ ಗಟ್ಟಿ, ನೋಡಲು ಚೆನ್ನಾಗಿಲ್ಲ ಅಷ್ಟೇ. ಫೋಟೋ ಟ್ರೈಪಾಡಿನ ತಲೆಗೆ ರಬ್ಬರ್ ಬ್ಯಾಂಡ್ ಸುತ್ತುವ ಉಪಾಯವನ್ನು ಮಾತ್ರ ನಾನು ಒಪ್ಪುವುದಿಲ್ಲ. ರಬ್ಬರ್ ಹಿಗ್ಗುತ್ತಲೇ ಇರುತ್ತದೆ, ಟೇಪಿನ ಕಥೆಯೇ ಮತ್ತೆ.

ಏನೇ ಮಾಡಿದರೂ ಕ್ಲಾಂಪಿನ ಹಲ್ಲು ನೇರ ರಾಡಿಗೆ ಕಚ್ಚಬಾರದು. ಅಲ್ಯೂಮಿನಿಯಂ ಕೊಳವೆ ತೆಳುವಾಗಿರುತ್ತದೆ, ಒಂದು ಸಣ್ಣ ತಗ್ಗು ಬಿದ್ದರೂ ಒಳಗಿನ ಕೊಳವೆ ಮತ್ತೆ ಜಾರುವುದಿಲ್ಲ. ಕಾರ್ಬನ್ ಫೈಬರ್ ಆಗಿದ್ದರೆ ಉದ್ದಕ್ಕೆ ಸೀಳು ಬಿಡುತ್ತದೆ. ಕವೆಯಲ್ಲಿ ಕೂರಿಸಿದ ಮೇಲೆ ಹಾರಿಹೋಗದಂತೆ ಒಂದು ವೆಲ್ಕ್ರೋ ಪಟ್ಟಿ ಸಡಿಲವಾಗಿ ಸುತ್ತಿದರೆ ಸಾಕು. ಕವೆ ಬರಬೇಕಾದ್ದು ಅತಿ ದಪ್ಪ ಕೊಳವೆಯ ಕೆಳಗೆ, ಜಾಯಿಂಟಿನ ಕೆಳಗೆ ಅಲ್ಲ.

ಬಾಲಕ್ಕೆ ಬರೋಣ. ಮುಖ್ಯ ಕೆಲಸ ಇರುವುದೇ ಇಲ್ಲಿ.

ಬಾಲವನ್ನು ಹಗ್ಗದಿಂದ ಅದೇ ಸ್ಟ್ಯಾಂಡಿನ ಬುಡಕ್ಕೆ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಇದರಿಂದ ರಾಡ್ ಕವೆಯ ಮೇಲೆ ತಿರುಗುವುದು ನಿಲ್ಲುತ್ತದೆ. ಆದರೆ ಸ್ಟ್ಯಾಂಡ್ ಮುಂದಕ್ಕೆ ಬೀಳುವುದು ನಿಲ್ಲುವುದಿಲ್ಲ. ಹಗ್ಗ ಸ್ಟ್ಯಾಂಡನ್ನೇ ಮೇಲಕ್ಕೆ ಎಳೆಯುತ್ತಿರುತ್ತದೆ, ನೆಲಕ್ಕೆ ಅದರ ಲೆಕ್ಕವೇ ಸಿಗುವುದಿಲ್ಲ. ಸ್ಟ್ಯಾಂಡಿನ ಪಾಲಿಗೆ 1 ಕೆಜಿ ಭಾರ ಒಂದು ಮೀಟರಿಗಿಂತ ಮುಂದೆ ತೂಗುತ್ತಿದೆ, ಅಷ್ಟೇ.

ಬಾಲಕ್ಕೆ ಒಂದೂವರೆ ಲೀಟರಿನ ನೀರಿನ ಬಾಟಲಿ ನೇತುಹಾಕುವುದು ಇನ್ನೊಂದು ದಾರಿ. ಏತದ ಹಾಗೆ, ಎರಡೂ ಕಡೆ ತೂಗಿ ನಿಲ್ಲುತ್ತದೆ. ಸ್ಟ್ಯಾಂಡ್ ಬೀಳುವ ಭಯ ಕಡಿಮೆ. ಆದರೆ ಬಾಟಲಿ ತೂಗಾಡುತ್ತದೆ, ಅದರ ಜೊತೆ ಮೈಕೂ ತೂಗಾಡುತ್ತದೆ. ಅರ್ಧ ತುಂಬಿದ ಬಾಟಲಿಯಾದರೆ ನೀರು ಕುಲುಕುವ ಸದ್ದೂ ಬರುತ್ತದೆ. ಬೇರೆ ಏನೂ ಇಲ್ಲದಿದ್ದರೆ ಬಾಟಲಿಯನ್ನು ಬಾಯಿವರೆಗೆ ತುಂಬಿ, ನೇತುಬಿಡದೆ ರಾಡಿಗೇ ಒತ್ತಿ ಕಟ್ಟಿ.

ನಾನು ಮಾಡುವುದು ಮೂರನೆಯದು. ಬಾಲದ ಸರಿ ಕೆಳಗೆ, ನೆಲದ ಮೇಲೆ, ಮರಳು ಚೀಲ. ಬಾಲದಿಂದ ಹಗ್ಗ ನೇರ ಆ ಚೀಲಕ್ಕೆ. ಚೀಲ 5 ಕೆಜಿಯದಾದರೆ 1.4 ಕೆಜಿಯ ಎಳೆತ ಅದನ್ನು ಅಲುಗಿಸುವುದಿಲ್ಲ. ಈಗ ಸ್ಟ್ಯಾಂಡಿನ ಮೇಲೆ ಬರೀ ನೆಟ್ಟಗೆ ಕೆಳಕ್ಕೆ ಭಾರ ಬೀಳುತ್ತದೆ. ಮುಂದಕ್ಕೆ ಬಗ್ಗಿಸುವ ಬಲವನ್ನು ಚೀಲ ತಿಂದುಹಾಕಿರುತ್ತದೆ. ಒಂದರ ಬದಲು ಎರಡು ಚೀಲಗಳನ್ನು ಒಂದು ಮೀಟರ್ ಅಂತರದಲ್ಲಿ ಇಟ್ಟು, ಬಾಲದಿಂದ ಎರಡು ಹಗ್ಗ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಆಗ ಬೂಮ್ ಎಡಕ್ಕೆ ಬಲಕ್ಕೆ ತಿರುಗುವುದೂ ನಿಲ್ಲುತ್ತದೆ. ಲೈಟ್ ಸ್ಟ್ಯಾಂಡಿನ ಕಂಬಗಳು ಒಂದರೊಳಗೊಂದು ತಿರುಗುವಂಥವು, ಎಷ್ಟು ಬಿಗಿ ಮಾಡಿದರೂ ಉದ್ದ ರಾಡ್ ಅವನ್ನು ನಿಧಾನಕ್ಕೆ ತಿರುಗಿಸಿಬಿಡುತ್ತದೆ. ಮರಳು ಚೀಲ ಇಲ್ಲದಿದ್ದರೆ ಪುಸ್ತಕ ತುಂಬಿದ ಬ್ಯಾಗ್, ಕ್ಯಾಮೆರಾ ಪೆಟ್ಟಿಗೆ, ಏನಾದರೂ ಆದೀತು.

ಹಗ್ಗದ ವಿಷಯದಲ್ಲಿ ಎರಡು ಮಾತು. ರಬ್ಬರಿನಂತೆ ಹಿಗ್ಗುವ ಬಂಜೀ ಹಗ್ಗ ಬೇಡ, ಯಾರಾದರೂ ತಾಗಿದರೆ ಮೈಕ್ ಕುಣಿಯುತ್ತಲೇ ಇರುತ್ತದೆ. ನೈಲಾನ್ ಹಗ್ಗವೂ ಭಾರಕ್ಕೆ ಹಿಗ್ಗುತ್ತದೆ. ಸೂಟ್‌ಕೇಸ್ ಕಟ್ಟುವ ಬಕಲ್ ಇರುವ ಪಟ್ಟಿ ಎಲ್ಲಕ್ಕಿಂತ ಮೇಲು. ಬಕಲಿನಲ್ಲಿ ಪಟ್ಟಿಯನ್ನು ಎಳೆದರೆ ಬಾಲ ಇಳಿದು ಮೈಕ್ ಏರುತ್ತದೆ, ಸಡಿಲಿಸಿದರೆ ಮೈಕ್ ಇಳಿಯುತ್ತದೆ. ಕ್ಯಾಮೆರಾದವರು "ಸ್ವಲ್ಪ ಮೇಲೆ" ಎಂದಾಗ ಸ್ಟ್ಯಾಂಡ್ ಮುಟ್ಟುವ ಅಗತ್ಯವೇ ಇಲ್ಲ. ಇದು ಗೊತ್ತಾದ ಮೇಲೆ ಕೊಂಡ ಹೋಲ್ಡರ್ ಇದ್ದರೂ ನಾನು ಪಟ್ಟಿಯನ್ನೇ ಹುಡುಕುತ್ತೇನೆ.

ಸ್ಟ್ಯಾಂಡಿನ ಕಾಲುಗಳನ್ನು ಇಡುವುದರಲ್ಲೂ ಲೆಕ್ಕ ಇದೆ. ಮೂರು ಕಾಲಿನ ಸ್ಟ್ಯಾಂಡ್ ಕಾಲಿನ ದಿಕ್ಕಿಗೆ ಬೀಳುವುದು ಕಷ್ಟ, ಎರಡು ಕಾಲುಗಳ ನಡುವಿನ ದಿಕ್ಕಿಗೆ ಬೀಳುವುದು ಸುಲಭ. ಕಾಲು ನಡುಗಂಬದಿಂದ 45 ಸೆಂಟಿಮೀಟರ್ ಚಾಚಿದ್ದರೆ, ಎರಡು ಕಾಲುಗಳ ನಡುವೆ ಆಧಾರ ಸಿಗುವುದು ಅದರ ಅರ್ಧಕ್ಕೆ, ಅಂದರೆ 22 ಸೆಂಟಿಮೀಟರಿಗೇ ಮುಗಿಯುತ್ತದೆ. ಮೇಲೆ ಹೇಳಿದ ಬೂಮನ್ನು 2 ಕೆಜಿಯ ಸ್ಟ್ಯಾಂಡಿನ ಮೇಲಿಟ್ಟು ಬಾಲವನ್ನು ಅದರ ಬುಡಕ್ಕೇ ಕಟ್ಟಿದಿರಿ ಎನ್ನಿ. ಒಂದು ಕಾಲು ಮೈಕಿನ ಕಡೆಗಿದ್ದರೆ ಹೇಗೋ ನಿಲ್ಲುತ್ತದೆ. ಅದೇ ಸ್ಟ್ಯಾಂಡನ್ನು 60 ಡಿಗ್ರಿ ತಿರುಗಿಸಿಟ್ಟರೆ ಮುಗ್ಗರಿಸುತ್ತದೆ. ಬಾಲಕ್ಕೆ ನೆಲದ ಚೀಲ ಕಟ್ಟಿದ್ದರೂ ಒಂದು ಕಾಲು ಬೂಮ್ ಚಾಚಿದ ಕಡೆಗೇ ಇರಲಿ, ಆ ಕಾಲಿನ ಮೇಲೂ ಒಂದು ಚೀಲ ಇರಲಿ. ಹಗ್ಗಕ್ಕೆ ಯಾರಾದರೂ ಎಡವಬಹುದು.

ಸಿ-ಸ್ಟ್ಯಾಂಡ್ (ಕಾಲುಗಳು ಬೇರೆ ಬೇರೆ ಎತ್ತರದಲ್ಲಿರುವ ಭಾರದ ಶೂಟಿಂಗ್ ಸ್ಟ್ಯಾಂಡ್) ಸಿಕ್ಕರೆ ಅರ್ಧ ತಲೆನೋವು ಹೋಯಿತು. ಅದರ ಎತ್ತರದ ಕಾಲು ಬೂಮಿನ ಕೆಳಗೆ ಬರಬೇಕು, ಚೀಲವೂ ಅದರ ಮೇಲೇ. ಗ್ರಿಪ್ ಹೆಡ್ಡಿನಿಂದ (ತೋಳನ್ನು ಕಚ್ಚಿ ಹಿಡಿಯುವ ತಿರುಪಿನ ತಲೆ) ಅಡ್ಡ ತೋಳು ಹಾಕುವುದಾದರೆ ತಿರುಪು ನಿಮ್ಮ ಕಡೆಗೆ ಇರುವಂತೆ ನಿಂತು ನೋಡಿ, ಭಾರ ಬಲಗಡೆ ಇರಬೇಕು. ಆಗ ಭಾರ ಜಗ್ಗಿದಷ್ಟೂ ತಿರುಪು ಬಿಗಿಯಾಗುತ್ತದೆ. ಎಡಗಡೆ ಇದ್ದರೆ ಬಿಚ್ಚಿಕೊಳ್ಳುತ್ತದೆ.

ರಾಡಿನ ಒಳಗೇ ಇಳಿತ ಬರುವುದೂ ಉಂಟು. ಕವೆ, ಬಾಲ ಎರಡೂ ಸರಿ ಇದ್ದು ಮೈಕ್ ಇನ್ನೂ ಇಳಿಯುತ್ತಿದ್ದರೆ ಜಾಯಿಂಟುಗಳನ್ನು ನೋಡಿ. ಒಂದೊಂದು ಕೊಳವೆಯನ್ನೂ ಕೊನೆಯವರೆಗೆ ಎಳೆಯಬೇಡಿ, ಒಂದು ಗೇಣು ಒಳಗೇ ಬಿಡಿ. ಆಗ ಜಾಯಿಂಟ್ ಬಾಗುವುದು ಕಡಿಮೆ. ಮತ್ತೊಂದು, ಮೈಕ್ ರಾಡಿನ ಸರಿ ಕೆಳಗೆ ತೂಗುತ್ತಿರಬೇಕು. ಪಕ್ಕಕ್ಕೆ ವಾಲಿದ್ದರೆ ಅದರ ತೂಕ ರಾಡನ್ನು ಹಿಂಡುತ್ತಾ ತಿರುಪಿನ ಜಾಯಿಂಟುಗಳನ್ನು ಸಡಿಲಿಸುತ್ತದೆ.

ಈಗ ಆ ಧಡ್ ಧಡ್. ಕೈಯಲ್ಲಿ ಹಿಡಿದಾಗ ನೆಲದ ಅದುರು ಮೈಯಲ್ಲೇ ಸತ್ತುಹೋಗುತ್ತದೆ. ಸ್ಟ್ಯಾಂಡಿಗೆ ಆ ಗುಣ ಇಲ್ಲ, ನೆಲದಲ್ಲಿ ಆದದ್ದನ್ನೆಲ್ಲ ನೇರ ರಾಡಿಗೆ ದಾಟಿಸುತ್ತದೆ. ಮರದ ನೆಲದಲ್ಲಿ ಇದು ಹೆಚ್ಚು. ಪ್ರತಿ ಕಾಲಿನ ಕೆಳಗೆ ದಪ್ಪ ರಬ್ಬರ್ ತುಂಡು ಅಥವಾ ಮಡಿಸಿದ ಕಂಬಳಿ ಹಾಕಿ. ಟೆನಿಸ್ ಚೆಂಡಿಗೆ ಸೀಳು ಕೊಟ್ಟು ಕಾಲಿಗೆ ತೊಡಿಸಿದರೂ ಆಗುತ್ತದೆ, ಆದರೆ ಸ್ಟ್ಯಾಂಡ್ ವಾಲದಂತೆ ಚೀಲ ಇರಲೇಬೇಕು. ಮೈಕ್ ಕ್ಲಿಪ್ಪಿನಲ್ಲಿ ಗಟ್ಟಿಯಾಗಿ ಕೂತಿದ್ದರೆ ಇದೆಲ್ಲ ದಂಡ. ಶಾಕ್ ಮೌಂಟ್ ಬೇಕೇ ಬೇಕು.

ಶಾಕ್ ಮೌಂಟ್ ಇದ್ದೂ ಸದ್ದು ಬಂದರೆ ಕೇಬಲ್ ನೋಡಿ. ಹೆಚ್ಚಿನವರು ಕೇಬಲನ್ನು ಮೈಕಿನ ಹಿಂದಿನಿಂದ ರಾಡಿಗೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಆಗ ಅದುರು ಶಾಕ್ ಮೌಂಟಿನ ರಬ್ಬರನ್ನು ಬಿಟ್ಟು ಕೇಬಲಿನ ಮೂಲಕ ಮೈಕಿಗೆ ಹೋಗುತ್ತದೆ. ಮೈಕಿನ ಹಿಂದೆ ಒಂದು ಸಡಿಲ ಸುರುಳಿ ಬಿಟ್ಟು, ಅದರ ನಂತರ ರಾಡಿಗೆ ಕಟ್ಟಿ. ಅಲ್ಲಿಂದ ರಾಡಿಗೆ ಸುತ್ತುತ್ತಾ ಬಂದು, ಕವೆಯ ಹತ್ತಿರ ಸ್ಟ್ಯಾಂಡಿನ ಕಂಬಕ್ಕೆ ಒರಗಿಸಿ ಇಳಿಸಿ. ಬಾಲದಿಂದ ಕೇಬಲ್ ನೇತಾಡಿದರೆ ಯಾರದೋ ಕಾಲಿಗೆ ಸಿಕ್ಕಿ ಮೈಕ್ ಮೇಲಕ್ಕೆ ಹಾರುತ್ತದೆ. ರೆಕಾರ್ಡರಿನಲ್ಲಿ 80 ಹರ್ಟ್ಜ್ ಲೋ ಕಟ್ (ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ತಗ್ಗಿಸುವ ಗುಂಡಿ) ಹಾಕಿ. ಮಾತಿಗೆ ನಷ್ಟ ಕಡಿಮೆ, ಗುಡುಗುಡು ಸದ್ದಿಗೆ ಒಳ್ಳೆಯ ಕಡಿವಾಣ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಸ್ಟ್ಯಾಂಡಿನ ಕಂಬವನ್ನು ಬೆರಳಿನಿಂದ ತಟ್ಟಿ, ಪಕ್ಕದಲ್ಲಿ ನಡೆಯಲು ಒಬ್ಬರಿಗೆ ಹೇಳಿ. ಏನು ಕೇಳಿಸುತ್ತದೆಯೋ ಅದೇ ಟೇಕಿನಲ್ಲೂ ಇರುತ್ತದೆ.

ಮೈಕ್ ಎಲ್ಲಿರಬೇಕು? ನೀವು ಕೇಳಿಲ್ಲ, ಆದರೆ ಸ್ಟ್ಯಾಂಡ್ ಮೇಲಿನ ಬೂಮಿಗೆ ಇದು ಜಾಸ್ತಿ ಮುಖ್ಯ. ಬೂಮ್ ಹಿಡಿಯುವವರು ಮಾತಾಡುವವರ ಜೊತೆ ತಾವೂ ಸರಿಯುತ್ತಾರೆ, ಸ್ಟ್ಯಾಂಡ್ ಸರಿಯುವುದಿಲ್ಲ. ಹಾಗಾಗಿ ತಲೆಯ ನೆತ್ತಿಯಿಂದ ನೇರ ಕೆಳಕ್ಕೆ ಬೇಡ. ಮುಖಕ್ಕಿಂತ ಸ್ವಲ್ಪ ಮುಂದೆ, ಮೇಲಿನಿಂದ, ಎದೆಯ ಮೇಲ್ಭಾಗದ ಕಡೆಗೆ ಗುರಿ ಇಡಿ. ತಲೆ ಅತ್ತಿತ್ತ ತಿರುಗಿದರೂ ದನಿ ಅಷ್ಟಾಗಿ ಬದಲಾಗುವುದಿಲ್ಲ. ಬಾಯಿಂದ 45 ಸೆಂಟಿಮೀಟರ್ ಆಸುಪಾಸು ಸಿಕ್ಕರೆ ಚೆನ್ನ. ಅದು 90 ಆದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗುಂಯ್ ಮಾತ್ರ ಇದ್ದಷ್ಟೇ ಇರುತ್ತದೆ. ಎತ್ತರ ಗುರುತಿಸಲು ಮೈಕನ್ನು ಬೇಕೆಂದೇ ಫ್ರೇಮಿನೊಳಗೆ ಇಳಿಸಿ, ಕಾಣದಾಗುವವರೆಗೆ ಪಟ್ಟಿಯನ್ನು ಎಳೆದು ಅಲ್ಲೇ ನಿಲ್ಲಿಸಿ. ಅತಿ ಅಗಲದ ಫ್ರೇಮಿನಲ್ಲಿ ಇದನ್ನು ಮಾಡಬೇಕು, ಕ್ಲೋಸಪ್ಪಿನಲ್ಲಿ ಅಲ್ಲ. ಅಂದಹಾಗೆ, ಚಕ್ರದ ಕುರ್ಚಿ, ತಿರುಗುವ ಕುರ್ಚಿ ಇದ್ದರೆ ಮೊದಲು ಅದನ್ನು ಬದಲಿಸಿ. ಮಾತಿನ ಹುರುಪಿನಲ್ಲಿ ಅತಿಥಿ ಮೈಕಿನಿಂದ ದೂರ ಉರುಳಿಹೋಗುತ್ತಾರೆ.

ಇಬ್ಬರ ನಡುವೆ ಒಂದೇ ಶಾಟ್‌ಗನ್ ಇಟ್ಟು ಇಬ್ಬರನ್ನೂ ಹಿಡಿಯುವ ಆಸೆ ಬಿಡಿ. ಅದರ ಮೂತಿಯಿಂದ ಪಕ್ಕಕ್ಕೆ ಇರುವ ದನಿ ಮಂಕಾಗುತ್ತದೆ, ಇಬ್ಬರೂ ಅರೆಬರೆ ಕೇಳಿಸುತ್ತಾರೆ. ಬೂಮ್ ಅತಿಥಿಗೆ ಇರಲಿ, ಪ್ರಶ್ನೆ ಕೇಳುವವರು ಕಾಲರ್ ಮೈಕ್ ಹಾಕಿಕೊಳ್ಳಲಿ. ಸಣ್ಣ ಕೋಣೆಯಲ್ಲಿ ಗೋಡೆಯಿಂದ ಮರಳುವ ದನಿ ಶಾಟ್‌ಗನ್ನಿಗೆ ಆಗಿಬರುವುದಿಲ್ಲ. ಸೂಪರ್ ಕಾರ್ಡಿಯಾಯ್ಡ್ ಮೈಕ್ (ಉದ್ದ ಮೂತಿ ಇಲ್ಲದೆಯೂ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವಂಥದ್ದು) ಸಿಕ್ಕರೆ ಅದನ್ನು ಹಾಕಿ ನೋಡಿ, ಅದು ಗಿಡ್ಡವೂ ಹೌದು.

ನೆರಳಿಗೆ ತುಂಬಾ ಹೆದರಬೇಡಿ. ಮುಖ್ಯ ಲೈಟ್ ಇರುವ ಕಡೆಯಿಂದ ರಾಡ್ ತರಬೇಡಿ, ಎದುರು ಕಡೆಯಿಂದ ತನ್ನಿ. ಆದರೂ ಹಿಂದಿನ ಗೋಡೆಯ ಮೇಲೆ ತೆಳುವಾಗಿ ಒಂದು ಗೆರೆ ಬಿದ್ದರೆ, ಅದು ಅಲುಗದೆ ಇದ್ದರೆ, ನೋಡುವವರ ಕಣ್ಣಿಗೆ ಹೊಡೆಯುವುದಿಲ್ಲ. ಕಣ್ಣು ಹಿಡಿಯುವುದು ಅಲುಗುವ ನೆರಳನ್ನು. ಈ ಒಂದು ವಿಷಯದಲ್ಲಿ ಸ್ಟ್ಯಾಂಡೇ ಮನುಷ್ಯರಿಗಿಂತ ಮೇಲು.

ಬಯಲಿನಲ್ಲಿ ಈ ಏರ್ಪಾಡು ಬೇಡ. ಸ್ಪಂಜಿನ ಬದಲು ದೊಡ್ಡ ಗಾಳಿ ತಡೆ ಹಾಕಿದರೆ ತುದಿಯ ತೂಕವೂ ಏರುತ್ತದೆ, ಗಾಳಿಗೆ ಅದು ಪಟದಂತೆ ಒಡ್ಡಿಕೊಳ್ಳುತ್ತದೆ. ಒಳಗೇ ಆದರೂ ಶಾಕ್ ಮೌಂಟಿನಿಂದ ರಾಡಿಗೆ ಒಂದು ತೆಳು ದಾರ ಕಟ್ಟಿ. ತುದಿಯ ತಿರುಪು ಬಿಚ್ಚಿಕೊಂಡರೂ ಮೈಕ್ ಯಾರ ಮೇಲೂ ಬೀಳಬಾರದು. ಹಿಂದೆ ಚಾಚಿಕೊಂಡಿರುವ ಬಾಲ ಕಣ್ಣಿನ ಎತ್ತರಕ್ಕೆ ಬರುತ್ತಿದ್ದರೆ ಅದರ ತುದಿಗೂ ಒಂದು ಚೆಂಡು ತೊಡಿಸಿ, ಬಿಳಿ ಟೇಪ್ ಸುತ್ತಿ.

ಬಿಚ್ಚುವಾಗ ಅವಸರ ಬೇಡ. ಟೇಕ್ ಮುಗಿದ ಕೂಡಲೇ ಬಾಲದ ಬಕಲ್ ಸಡಿಲಿಸಿದರೆ ಮೈಕ್ ನೇರ ಅತಿಥಿಯ ತಲೆಯ ಮೇಲೆ ಇಳಿಯುತ್ತದೆ. ಮೊದಲು ಅತಿಥಿಯನ್ನು ಎಬ್ಬಿಸಿ ಆಚೆ ಕಳಿಸಿ. ಆಮೇಲೆ ಒಬ್ಬರು ಮುಂದಿನ ತುದಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಬಾಲ ಬಿಚ್ಚಲಿ. ಮರಳು ಚೀಲಗಳನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ.